ಹದಿನಾರರ ಮಗ ಕೋಣೆಯಿಂದ ಹೊರಗೆ ಬರುತ್ತಿಲ್ಲ: ಇದು ಸೋಮಾರಿತನವೋ, ಖಿನ್ನತೆಯೋ?

ಪ್ರಶ್ನೆ: ಸಾಗರ ತಾಲ್ಲೂಕಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟವಿದೆ. ಮನೆಯಲ್ಲಿ ನಾನು, ಯಜಮಾನರು, ಅತ್ತೆಯವರು ಮತ್ತು ನಮ್ಮ ಒಬ್ಬನೇ ಮಗ ಇದ್ದೇವೆ. ಮಗನಿಗೆ ಹದಿನಾರು ತುಂಬಿ ಐದು ತಿಂಗಳಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದದ್ದರಿಂದ ದೂರದ ಊರಿನ ವಸತಿ ಕಾಲೇಜೊಂದಕ್ಕೆ ಪಿಯುಸಿ ವಿಜ್ಞಾನಕ್ಕೆ ಸೇರಿಸಿದೆವು. ನೀಟ್ ತರಬೇತಿಯೂ ಅಲ್ಲಿಯೇ ನಡೆಯುತ್ತಿತ್ತು. ದೀಪಾವಳಿ ರಜೆಗೆಂದು ಬಂದವನು ಮರಳಿ ಹೋಗಲಿಲ್ಲ. ಮೊದಲು ಜ್ವರವೆಂದ, ಆಮೇಲೆ ಹೊಟ್ಟೆನೋವೆಂದ, ಈಗ ಏನನ್ನೂ ಹೇಳುವುದಿಲ್ಲ.

ಹಗಲೆಲ್ಲ ಮಲಗಿರುತ್ತಾನೆ, ರಾತ್ರಿ ಎರಡು ಮೂರು ಗಂಟೆಯವರೆಗೂ ಅವನ ಕೋಣೆಯ ದೀಪ ಉರಿಯುತ್ತಿರುತ್ತದೆ. ಊಟಕ್ಕೆ ಕರೆದರೆ ಒಮ್ಮೆ ಬರುತ್ತಾನೆ, ಒಮ್ಮೆ ಸಿಡುಕುತ್ತಾನೆ. ಸ್ನಾನಕ್ಕೆ ಮೂರು ನಾಲ್ಕು ದಿನ ಹೋಗುವುದಿಲ್ಲ. ಬಚ್ಚಲಿನ ಗೂಡಿನಲ್ಲಿ ಅವನ ಹಲ್ಲುಜ್ಜುವ ಬ್ರಷ್ ಒಣಗಿಕೊಂಡೇ ಇರುವುದನ್ನು ದಿನವೂ ಬೆಳಿಗ್ಗೆ ಮುಟ್ಟಿ ನೋಡುತ್ತೇನೆ. ಹನ್ನೊಂದನೆಯ ವಯಸ್ಸಿನಿಂದ ಚೆಂಡೆ ಕಲಿತವನು ಅವನು. ಈಗ ಆ ಚೆಂಡೆಗೆ ಹೊದಿಸಿದ ಪಂಚೆಯನ್ನು ಮೂರು ತಿಂಗಳಿಂದ ತೆಗೆದೇ ಇಲ್ಲ. ಪ್ರತಿ ವರ್ಷ ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವವರ ಡಬ್ಬದ ಲೆಕ್ಕವನ್ನು ಬರೆಯುತ್ತಿದ್ದವನೂ ಅವನೇ. ಈ ಸಲ ಹೊರಗೆ ಅಷ್ಟು ಜನ ಮಾತನಾಡುತ್ತಾ ಕುಳಿತಿದ್ದರೂ ಅವನ ಬಾಗಿಲು ತೆರೆಯುವುದಿಲ್ಲ.

ಯಜಮಾನರು ಇದನ್ನು ಸೋಮಾರಿತನವೆನ್ನುತ್ತಾರೆ, ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ಅತ್ತೆಯವರು ದೃಷ್ಟಿಯಾಗಿದೆ, ಗ್ರಹಶಾಂತಿ ಮಾಡಿಸಬೇಕು ಎನ್ನುತ್ತಾರೆ. ಕಳೆದ ವಾರ ನಾನು ಅವನ ಪಕ್ಕ ಕುಳಿತು ತಲೆ ಸವರಿದಾಗ, ‘ನಾನು ಇಲ್ಲದಿದ್ದರೆ ನಿಮಗೆಲ್ಲ ಖರ್ಚಾದರೂ ಉಳಿಯುತ್ತಿತ್ತು’ ಎಂದ. ಆ ಮಾತು ಕೇಳಿದಂದಿನಿಂದ ನನಗೆ ನಿದ್ರೆಯಿಲ್ಲ. ಇದು ಖಿನ್ನತೆ ಎಂಬ ಕಾಯಿಲೆಯೇ? ವೈದ್ಯರ ಬಳಿಗೆ ಹೋಗೋಣವೆಂದರೆ ‘ನನಗೇನು ಹುಚ್ಚೇ’ ಎನ್ನುವವನನ್ನು ಹೇಗೆ ಕರೆದೊಯ್ಯಬೇಕು? ಒಮ್ಮೆ ಮಾತ್ರೆ ಶುರು ಮಾಡಿದರೆ ಬಿಡಲಾಗುವುದಿಲ್ಲವೆಂಬುದು ನಿಜವೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ದಾವಣಗೆರೆಯ ಒಬ್ಬ ತಂದೆ

ಸಹೋದರಿ, ಎಲ್ಲಕ್ಕಿಂತ ಮೊದಲು ಆ ಒಂದು ಮಾತಿನ ಬಗ್ಗೆ ಹೇಳುತ್ತೇನೆ. ‘ನಾನು ಇಲ್ಲದಿದ್ದರೆ’ ಎಂದು ಮಗ ಹೇಳಿದ್ದನ್ನು ಸುಮ್ಮನೆ ಆಡಿದ ಮಾತೆಂದು ದಯವಿಟ್ಟು ಬಿಡಬೇಡಿ. ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ ಇಂಥದೇ ಮಾತನ್ನು ಎರಡು ಸಲ ಆಡಿದ್ದಳು. ಒಂದು ಸಲ ನಾನು ಗದರಿದೆ, ಇನ್ನೊಂದು ಸಲ ‘ಹಾಗೆಲ್ಲ ಮಾತಾಡಬಾರದು’ ಎಂದು ಬಾಯಿ ಮುಚ್ಚಿಸಿದೆ. ಎರಡೂ ಸಲವೂ ಅವಳು ನನ್ನ ಹತ್ತಿರ ಏನನ್ನೋ ಹೇಳಲು ಬಂದು ಹಿಂದೆ ಸರಿದಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕೊನೆಗೆ ಮನೋವೈದ್ಯರೇ ನನ್ನ ಎದುರಿನಲ್ಲಿ ಅವಳನ್ನು, ‘ಸತ್ತುಹೋದರೆ ಚೆನ್ನಾಗಿತ್ತು ಎಂದು ಅನ್ನಿಸುತ್ತದೆಯೇನಮ್ಮಾ’ ಎಂದು ಸಮಾಧಾನದಿಂದ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಾಗ ನನ್ನ ಕೈಕಾಲು ತಣ್ಣಗಾದವು. ಆದರೆ ಅವಳ ಮುಖದಲ್ಲಿ ಕಂಡದ್ದು ಭಾರ ಇಳಿದ ನೆಮ್ಮದಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ನಾನು ಹೆದರಿದ್ದೆ. ಅದು ತಪ್ಪು ಭಯವೆಂದು ಆ ವೈದ್ಯರೇ ಬಿಡಿಸಿ ಹೇಳಿದರು.

ಎರಡನೆಯದಾಗಿ, ಬರಲೊಲ್ಲದವಳನ್ನು ಕರೆದೊಯ್ದ ಬಗೆ. ನಾವು ‘ಮನೋವೈದ್ಯ’ ಎಂಬ ಪದದಿಂದ ಶುರುಮಾಡಲಿಲ್ಲ, ಹಾಗೆಂದು ಸುಳ್ಳನ್ನೂ ಹೇಳಲಿಲ್ಲ. ಅವಳಿಗೆ ಸದಾ ಸುಸ್ತಿರುತ್ತಿತ್ತು, ನಿದ್ರೆ ಬರುತ್ತಿರಲಿಲ್ಲ, ಮತ್ತು ಅವೆರಡು ಅವಳಿಗೂ ಬೇಡವಾಗಿದ್ದವು. ‘ನಿನ್ನ ನಿದ್ರೆಯ ವಿಷಯವನ್ನು ವಿಚಾರಿಸೋಣ’ ಎಂದು ಅವಳನ್ನು ಚಿಕ್ಕಂದಿನಿಂದ ಬಲ್ಲ ನಮ್ಮ ಬೀದಿಯ ವೈದ್ಯರ ಹತ್ತಿರ ಕರೆದೊಯ್ದೆ. ಅವರು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು, ಏಕೆಂದರೆ ರಕ್ತಹೀನತೆಯೂ ಥೈರಾಯ್ಡ್ ಕೊರತೆಯೂ ಇಂಥದೇ ಆಯಾಸವನ್ನು ತರಬಲ್ಲವು. ಅವುಗಳಲ್ಲಿ ದೊಡ್ಡ ದೋಷವೇನೂ ಕಾಣದಾಗ, ‘ಇದಕ್ಕೆ ನನಗಿಂತ ಚೆನ್ನಾಗಿ ತಿಳಿದವರಿದ್ದಾರೆ’ ಎಂದು ಅವರೇ ಚೀಟಿ ಬರೆದುಕೊಟ್ಟರು. ತಂದೆ ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಮಾತ್ರೆಯ ವಿಷಯದಲ್ಲಿ ನಮ್ಮಿಂದಾದ ತಪ್ಪನ್ನೂ ಹೇಳಬೇಕು. ಮೊದಲ ಮೂರು ವಾರ ಏನೂ ಬದಲಾವಣೆ ಕಾಣಲಿಲ್ಲ. ‘ಸುಮ್ಮನೆ ಮಗುವಿಗೆ ಇಂಗ್ಲಿಷ್ ಔಷಧಿ ತಿನ್ನಿಸುತ್ತಿದ್ದೇವೆ’ ಎಂದು ನೆಂಟರ ಮಾತು ಕೇಳಿ ನಾವೇ ನಿಲ್ಲಿಸಿಬಿಟ್ಟೆವು. ಹತ್ತೇ ದಿನಗಳಲ್ಲಿ ಅವಳು ಮತ್ತೆ ಊಟ ಬಿಟ್ಟಳು. ಎರಡನೆಯ ಸಲ ಶುರುಮಾಡಿ, ವೈದ್ಯರು ಹೇಳಿದಷ್ಟು ಕಾಲ ಕೊಟ್ಟೆವು. ಸುಮಾರು ಒಂದು ವರ್ಷದ ನಂತರ ಅವರೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಈಗ ಅವಳು ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ.

ಇನ್ನೊಂದು ಮಾತು ನಿಮ್ಮ ಯಜಮಾನರಿಗೆ. ಎದುರು ಕೂರಿಸಿಕೊಂಡು ಕೇಳಿದ ಯಾವ ಪ್ರಶ್ನೆಗೂ ನನ್ನ ಮಗಳು ಉತ್ತರ ಕೊಡಲಿಲ್ಲ. ಸಂಜೆ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಸುಮ್ಮನೆ ಒಂದು ಸುತ್ತು ಹೋಗಿಬರುವಾಗ ಮಾತ್ರ, ಮುಖಕ್ಕೆ ಮುಖ ಕಾಣದ ಆ ಧೈರ್ಯಕ್ಕೋ ಏನೋ, ಒಂದೆರಡು ಮಾತು ಹೊರಗೆ ಬರುತ್ತಿತ್ತು. ಅವಳ ಎಷ್ಟೋ ವಿಷಯಗಳು ನನಗೆ ಬೆನ್ನ ಹಿಂದಿನಿಂದಲೇ ತಿಳಿದವು.

ಉತ್ತರ: ಆಪ್ತಸಮಾಲೋಚಕಿ, ಧಾರವಾಡ

ನಾನು ಹದಿಹರೆಯದ ಮಕ್ಕಳೊಂದಿಗೆ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಗುವನ್ನು ನೋಡದೆ ಇದು ಇಂಥದೇ ಕಾಯಿಲೆಯೆಂದು ಹೇಳುವುದು ಸರಿಯಲ್ಲ, ಆದರೆ ತಾವು ಬರೆದಿರುವುದನ್ನು ಓದಿದರೆ ತಡಮಾಡಬಾರದೆಂದು ಖಂಡಿತವಾಗಿ ಹೇಳಬಲ್ಲೆ. ಮನಸ್ಸು ಕುಗ್ಗಿರುವುದು ಅಥವಾ ಪ್ರೀತಿಯ ಕೆಲಸಗಳಲ್ಲಿ ಆಸಕ್ತಿ ಹೋಗುವುದು, ಅದರ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆ, ಶಕ್ತಿ ಏರುಪೇರಾಗುವುದು, ತಾನು ಪ್ರಯೋಜನವಿಲ್ಲದವನು ಎಂಬ ಭಾವನೆ, ಇವು ಎರಡು ವಾರಕ್ಕಿಂತ ಹೆಚ್ಚು ಕಾಲ ಬಹುಪಾಲು ಎಲ್ಲ ದಿನವೂ ಇದ್ದರೆ ವೈದ್ಯರು ಖಿನ್ನತೆಯನ್ನು ಯೋಚಿಸುತ್ತಾರೆ. ನಿಮ್ಮಲ್ಲಿ ಮೂರು ತಿಂಗಳಾಗಿದೆ. ಹಿರಿಯರಿಗಿಂತ ಈ ವಯಸ್ಸಿನವರಲ್ಲಿರುವ ಒಂದು ವ್ಯತ್ಯಾಸವೆಂದರೆ, ದುಃಖ ಎಷ್ಟೋ ಸಲ ಅಳುವಾಗಿ ಕಾಣದೆ ಸಿಡುಕಾಗಿ ಕಾಣುತ್ತದೆ. ಹೊಟ್ಟೆನೋವು, ತಲೆನೋವುಗಳೂ ನಾಟಕವಲ್ಲ, ಆ ನೋವು ನಿಜವಾದದ್ದೇ. ಸೋಮಾರಿಯಾದ ಹುಡುಗ ತನಗೆ ಬೇಡವಾದ ಕೆಲಸವನ್ನು ಬಿಟ್ಟು ಬೇಕಾದದ್ದನ್ನು ಮಾಡುತ್ತಾನೆ. ನಿಮ್ಮ ಮಗ ಚೆಂಡೆಯನ್ನೂ ಬಿಟ್ಟಿದ್ದಾನೆ. ಯಜಮಾನರಿಗೆ ಇದನ್ನು ತಿಳಿಸಿ ಹೇಳಿ.

ನಿಮ್ಮ ಮನೆಯೊಂದರಲ್ಲೇ ಹೀಗಾಗಿದೆಯೆಂದು ತಿಳಿಯಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದ ಮಕ್ಕಳಲ್ಲಿ ಸುಮಾರು ಶೇಕಡ 7ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಎಂದುಕೊಳ್ಳಿ.

ಇಂದೇ ಮಾಡಬೇಕಾದದ್ದು ಎರಡು. ತೋಟಕ್ಕೆ ತಂದಿಟ್ಟಿರುವ ಕೀಟನಾಶಕ, ಕಳೆನಾಶಕ ಮತ್ತು ಮನೆಯಲ್ಲಿರುವ ಹಿರಿಯರ ಮಾತ್ರೆಗಳನ್ನು ಬೀಗದೊಳಗೆ ಇರಿಸಿ, ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳಿ, ಸಾಧ್ಯವಾದರೆ ತೋಟದ ಔಷಧಿಯನ್ನು ಸ್ವಲ್ಪ ಕಾಲ ಬೇರೆಯವರ ಮನೆಯಲ್ಲಿ ಇಡಿ. ಸಾಯುವ ಯೋಚನೆ ಅಲೆಯಂತೆ ಏರಿ ಇಳಿಯುತ್ತದೆ. ಅದು ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಇದು ಬರೀ ಸಮಾಧಾನದ ಮಾತಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಇಡೀ ದೇಶದ ಆತ್ಮಹತ್ಯೆಯ ಪ್ರಮಾಣವೇ ಗಣನೀಯವಾಗಿ ತಗ್ಗಿತು. ಎರಡನೆಯದು, ದಾವಣಗೆರೆಯ ಹಿರಿಯರು ಬರೆದಂತೆ ಮಗನನ್ನು ನೇರವಾಗಿ, ಮೆಲ್ಲಗೆ ಕೇಳಿ. ಅವನು ಹೌದೆಂದರೆ ವಾದ ಮಾಡಬೇಡಿ, ಆಣೆ ಹಾಕಿಸಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ನಾನು ಜೊತೆಗಿದ್ದೇನೆ’ ಎಂದಷ್ಟೇ ಹೇಳಿ. ಹೇಗೆ ಸಾಯಬೇಕು, ಯಾವಾಗ ಸಾಯಬೇಕು ಎಂದು ಅವನು ಯೋಚಿಸಿಟ್ಟಿರುವುದು ತಿಳಿದರೆ ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ: 14416 ಎಂಬುದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಇದು ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು, ಮಗನ ಪರವಾಗಿ ತಾಯಿಯೂ ಕರೆ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರದ ದಿನ ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಎಂಬುದನ್ನು ಆಶಾ ಕಾರ್ಯಕರ್ತೆಯವರ ಮೂಲಕ ಮೊದಲೇ ವಿಚಾರಿಸಿಕೊಳ್ಳಿ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಊರಿನವರಿಗೆ ತಿಳಿದೀತೆಂಬ ಅಂಜಿಕೆ ಬೇಡ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು.

ಮಾತ್ರೆಯ ಬಗ್ಗೆ. ಸೌಮ್ಯ ಸ್ವರೂಪದ ಖಿನ್ನತೆಗೆ ಮೊದಲು ಮಾತಿನ ಚಿಕಿತ್ಸೆಯನ್ನೇ ಕೊಡುತ್ತಾರೆ. ಅದು ತೀವ್ರವಾಗಿದ್ದರೆ ಮಾತಿನ ಚಿಕಿತ್ಸೆಯ ಜೊತೆಗೆ ಔಷಧಿಯೂ ಬೇಕಾಗುತ್ತದೆ. ಈ ವಯಸ್ಸಿಗೆ ಹೆಚ್ಚಾಗಿ ಬಳಸುವುದು ಫ್ಲೂಯೊಕ್ಸೆಟಿನ್. ಅದರ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಅದು ಚಟ ಹಿಡಿಸುವ ಔಷಧಿಯಲ್ಲ, ಆದರೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವಂತಿಲ್ಲ. ಒಂದು ಎಚ್ಚರಿಕೆಯನ್ನು ಮುಚ್ಚಿಡದೆ ಹೇಳುತ್ತೇನೆ. ಚಿಕ್ಕ ವಯಸ್ಸಿನ ಕೆಲವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆಯೂ ಸಾಯುವ ಯೋಚನೆಯೂ ಹೆಚ್ಚಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿಯೇ ಈ ಬಗೆಯ ಮಾತ್ರೆಗಳ ಮೇಲೆ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. ಔಷಧಿಯೇ ಬೇಡವೆಂದು ಇದರ ಅರ್ಥವಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ವೈದ್ಯರನ್ನು ಸಂಪರ್ಕಿಸುತ್ತಾ, ಮಾತ್ರೆಯ ಪಟ್ಟಿಯನ್ನು ತಾಯಿಯೇ ಇಟ್ಟುಕೊಂಡು, ದಿನಕ್ಕೆ ಒಂದರಂತೆ ಕೈಯಾರೆ ಕೊಡಬೇಕೆಂದು ಅರ್ಥ. ಹಿಂದೆ ಯಾವಾಗಲಾದರೂ ನಿದ್ರೆಯೇ ಬೇಡವೆಂಬಷ್ಟು ಅತಿಯಾದ ಹುರುಪು ಅವನಲ್ಲಿ ಕೆಲವು ದಿನ ಕಂಡಿದ್ದರೆ, ಅಥವಾ ಕುಟುಂಬದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ, ಮಾತ್ರೆ ಬರೆಯುವ ಮೊದಲೇ ವೈದ್ಯರಿಗೆ ತಿಳಿಸಲು ಮರೆಯಬೇಡಿ. ಬೇಕಾದ ಔಷಧಿಯೇ ಬೇರೆಯಾಗಬಹುದು.

ಅತ್ತೆಯವರಿಗೆ ಸಮಾಧಾನವಾಗುವುದಾದರೆ ಶಾಂತಿಯನ್ನು ಮಾಡಿಸಿ, ಅದಕ್ಕಾಗಿ ಚಿಕಿತ್ಸೆಯನ್ನು ಮಾತ್ರ ಮುಂದೆ ಹಾಕಬೇಡಿ.

ಉತ್ತರ: ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಅಮ್ಮ, ನಾನು ನಿಮ್ಮ ಮಗ ಇರುವ ಜಾಗದಲ್ಲಿ ಒಂದು ವರ್ಷ ಇದ್ದು ಬಂದವಳು, ಆದ್ದರಿಂದ ಬಾಗಿಲಿನ ಒಳಗಿನಿಂದ ಅದು ಹೇಗಿರುತ್ತದೆಂದು ಹೇಳಬಲ್ಲೆ. ಎದ್ದು ಹಲ್ಲುಜ್ಜಬೇಕೆಂಬುದು ತಿಳಿಯದ್ದರಿಂದ ಅಥವಾ ಮನಸ್ಸಿಲ್ಲದ್ದರಿಂದ ಅವನು ಮಲಗಿರುವುದಲ್ಲ. ಏಳಬೇಕು, ಬಚ್ಚಲಿಗೆ ಹೋಗಬೇಕು, ಪೇಸ್ಟ್ ಹಚ್ಚಬೇಕು ಎಂಬ ಒಂದೊಂದೂ ಬೆಟ್ಟದಷ್ಟಾಗಿ, ಅದನ್ನು ಮಾಡಲಾಗದ ನಾಚಿಕೆ ಅದರ ಮೇಲೆ ಕುಳಿತು, ಆ ನಾಚಿಕೆಯನ್ನು ಯಾರೂ ನೋಡದಿರಲೆಂದು ಬಾಗಿಲು ಹಾಕಿಕೊಳ್ಳುತ್ತೇವೆ.

‘ಯಾಕೆ ಹೀಗಿದ್ದೀಯ’ ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು, ಏಕೆಂದರೆ ನನಗೇ ಉತ್ತರ ಗೊತ್ತಿರಲಿಲ್ಲ. ‘ದೋಸೆ ಕೊಡಲೋ, ಗಂಜಿ ಸಾಕೋ’ ಎಂಬಂಥ ಪ್ರಶ್ನೆಗೆ ಉತ್ತರ ಕೊಡಬಹುದಿತ್ತು. ನನ್ನ ಅಜ್ಜಿ ಯಾವುದನ್ನೂ ಕೇಳುತ್ತಿರಲಿಲ್ಲ. ಒಂದು ಮೊರದ ತುಂಬ ಬೆಳ್ಳುಳ್ಳಿ ತಂದು ನನ್ನ ಮಂಚದ ತುದಿಗೆ ಕುಳಿತು ತಾವೇ ಸುಲಿಯುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ ನಾನೂ ಎರಡು ಎಸಳು ಸುಲಿದೆ. ಅಜ್ಜಿ ಹೊಗಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಹೊರಗೆ ಬಂದ ಮೊದಲ ದಿನ ಮನೆಯವರೆಲ್ಲ ‘ಅಬ್ಬಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ’ ಎಂದು ಸಂಭ್ರಮಪಟ್ಟದ್ದಕ್ಕೆ ನಾನು ಮತ್ತೆ ಒಂದು ವಾರ ಹೊರಗೆ ಬರಲಿಲ್ಲ. ಅವರ ಸಂತೋಷ ನನಗೆ ನಾಳೆಯೂ ತೀರಿಸಬೇಕಾದ ಸಾಲದಂತೆ ಕಂಡಿತ್ತು.

ಮೊಬೈಲನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ರಾತ್ರಿಯಿಡೀ ಅದನ್ನು ನೋಡುವುದು ನಿದ್ರೆಗೆ ಕೆಟ್ಟದ್ದು ನಿಜ, ಆದರೆ ಹಾಸ್ಟೆಲಿನ ಒಬ್ಬಳು ಗೆಳತಿ ದಿನವೂ ಕಳುಹಿಸುತ್ತಿದ್ದ ಒಂದು ಸಾಲಿನ ಸಂದೇಶ ಆಗ ನನಗೆ ಹೊರಗಿನ ಲೋಕದೊಂದಿಗೆ ಉಳಿದಿದ್ದ ಒಂದೇ ಎಳೆಯಾಗಿತ್ತು. ನಿದ್ರೆ ಸ್ವಲ್ಪ ಸರಿಯಾದ ಮೇಲೆ, ರಾತ್ರಿ ಹತ್ತಕ್ಕೆ ಮನೆಮಂದಿಯ ಎಲ್ಲ ಮೊಬೈಲುಗಳನ್ನೂ, ಅಪ್ಪನದನ್ನೂ ಸೇರಿಸಿ, ಒಂದೇ ಕಡೆ ಚಾರ್ಜಿಗೆ ಇಡುವ ಏರ್ಪಾಟಾಯಿತು. ಅದಕ್ಕೆ ನಾನು ಒಪ್ಪಿದೆ.

ಇನ್ನೊಂದು ವಿಷಯವನ್ನು ಮೆತ್ತಗೆ ವಿಚಾರಿಸಿ. ಹಾಸ್ಟೆಲಿನಲ್ಲಿ ಅವನಿಗೆ ಏನಾದರೂ ಆಗಿತ್ತೇ? ನನಗೆ ಆಗಿದ್ದುದನ್ನು ನಾನು ಹೇಳಿದ್ದು ಆಪ್ತಸಮಾಲೋಚಕರಿಗೆ, ಅಪ್ಪ ಅಮ್ಮನಿಗಲ್ಲ. ನಿಮಗೇ ಮೊದಲು ಹೇಳಬೇಕೆಂದು ಹಟ ಮಾಡಬೇಡಿ. ವೈದ್ಯರೊಂದಿಗೆ ಅವನು ಒಬ್ಬನೇ ಕುಳಿತು ಮಾತನಾಡಲು ಬಿಡಿ.

ಉತ್ತರ: ನಿವೃತ್ತ ಉಪನ್ಯಾಸಕ, ಹಾಸನ

ವರ್ಷ ಹಾಳಾಗುತ್ತದೆಂಬ ಚಿಂತೆಯನ್ನು ನೀವು ಬರೆದಿಲ್ಲವಾದರೂ ಅದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆಂದು ನಾನು ಬಲ್ಲೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿದ್ದೇನೆ. ಒಂದು ವರ್ಷ ತಡವಾಗಿ ಓದಿದ ಮಕ್ಕಳು ಈಗ ಎಲ್ಲಿದ್ದಾರೆಂದು ನೋಡಿದರೆ, ಉಳಿದವರು ಇರುವಲ್ಲಿಯೇ ಇದ್ದಾರೆ. ವೈದ್ಯರ ಪ್ರಮಾಣಪತ್ರವನ್ನು ಪಡೆದು, ತಂದೆಯವರೇ ಕಾಲೇಜಿಗೆ ಹೋಗಿ ಪ್ರಾಂಶುಪಾಲರೊಂದಿಗೆ ಮಾತನಾಡಲಿ. ಹಾಜರಾತಿಯ ಪ್ರಶ್ನೆಯನ್ನೂ ವರ್ಗಾವಣೆ ಪತ್ರದ ಪ್ರಶ್ನೆಯನ್ನೂ ಮಗನ ತಲೆಯ ಮೇಲಿಂದ ಇಳಿಸಿ. ಮುಂದಿನ ಜೂನಿನಲ್ಲಿ ಮನೆಯಿಂದಲೇ ಹೋಗಿಬರುವ ಕಾಲೇಜಿಗೆ, ಅವನು ಇಷ್ಟಪಟ್ಟ ವಿಷಯಕ್ಕೆ, ಸೇರಬಹುದು. ತರಗತಿಗೆ ಹೋಗಲು ಆಗಲೂ ಆಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯನ್ನು ನಿಧಾನವಾಗಿ ಮುಗಿಸುವ ದಾರಿಯೂ ಇದೆ. ‘ನೀಟ್ ಬರೆಯದಿದ್ದರೂ ನೀನು ನಮ್ಮ ಮಗನೇ’ ಎಂಬ ಮಾತನ್ನು ತಂದೆಯ ಬಾಯಿಂದ ಅವನು ಒಮ್ಮೆ ಕೇಳಬೇಕು. ತಾಯಿ ಹೇಳುತ್ತಾಳೆಂದು ಅವನಿಗೆ ಗೊತ್ತೇ ಇರುತ್ತದೆ.

ಪ್ರಶ್ನೆ ಕೇಳಿದ ತಾಯಿ, ಮೂರು ವಾರಗಳ ನಂತರ

ಬರೆದ ಎಲ್ಲರಿಗೂ ಕೈಮುಗಿಯುತ್ತೇನೆ. ಅಂದೇ ರಾತ್ರಿ ಹಿತ್ತಿಲಿಗೆ ಹೋಗಿ 14416ಕ್ಕೆ ಕರೆ ಮಾಡಿದೆ. ಆ ಕಡೆಯಿದ್ದ ಹೆಣ್ಣುಮಗಳು ಅರ್ಧ ಗಂಟೆ ನನ್ನ ಮಾತನ್ನು ಕೇಳಿದರು. ಬಹಳ ದಿನಗಳ ನಂತರ ನಾನೂ ಒಮ್ಮೆ ಅತ್ತೆ. ತೋಟದ ಔಷಧಿಯನ್ನೆಲ್ಲ ಯಜಮಾನರು ಮರುದಿನವೇ ಭಾವನವರ ಮನೆಗೆ ಸಾಗಿಸಿದರು. ಆ ಡಬ್ಬಿಗಳನ್ನು ಹೊರುವಾಗಲೇ ಇರಬೇಕು, ಅವರಿಗೆ ಇದು ಸೋಮಾರಿತನವಲ್ಲವೆಂದು ಮನಸ್ಸಿಗೆ ಬಂದದ್ದು, ಏಕೆಂದರೆ ಆಮೇಲೆ ಅವರು ಆ ಪದವನ್ನು ಆಡಿಲ್ಲ.

ಮಗನನ್ನು ಕೇಳಿದೆ. ಬಹಳ ಹೊತ್ತು ಗೋಡೆ ನೋಡುತ್ತಿದ್ದು, ‘ಒಂದೊಂದು ಸಲ’ ಎಂದ. ಏನನ್ನೂ ಯೋಚಿಸಿಟ್ಟಿಲ್ಲವೆಂದೂ ಹೇಳಿದ. ನಿದ್ರೆಯ ಹೆಸರು ಹೇಳಿದ್ದಕ್ಕೆ ಆಸ್ಪತ್ರೆಗೆ ಬರಲು ಒಪ್ಪಿದ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನಮ್ಮನ್ನು ಹೊರಗೆ ಕಳುಹಿಸಿ ಅವನೊಬ್ಬನೊಂದಿಗೆ ಮುಕ್ಕಾಲು ಗಂಟೆ ಮಾತನಾಡಿದರು. ಒಳಗೆ ಏನು ಹೇಳಿದನೆಂದು ನಾವು ಕೇಳಿಲ್ಲ. ಖಿನ್ನತೆಯೆಂದೇ ಹೇಳಿದ್ದಾರೆ, ಫ್ಲೂಯೊಕ್ಸೆಟಿನ್ ಶುರುವಾಗಿ ಹದಿಮೂರು ದಿನವಾಯಿತು. ದೊಡ್ಡ ಬದಲಾವಣೆಯೇನೂ ಇಲ್ಲ. ನಿನ್ನೆ ಮಾತ್ರ ಅಡಿಕೆ ಸುಲಿಯುವ ಹೊತ್ತಿನಲ್ಲಿ ಜಗುಲಿಯ ಕತ್ತಲೆಯ ಮೂಲೆಗೆ ಬಂದು ಕುಳಿತ. ಯಾರೂ ಮಾತನಾಡಿಸಬಾರದೆಂದು ನಾನು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ. ಡಬ್ಬದ ಲೆಕ್ಕದ ಪುಸ್ತಕವನ್ನು ಯಜಮಾನರು ಅವನ ಪಕ್ಕದಲ್ಲಿಟ್ಟು ಎದ್ದುಹೋದರು. ಅವನು ಅದನ್ನು ಮುಟ್ಟಲಿಲ್ಲ, ಆದರೆ ಹತ್ತು ನಿಮಿಷ ಅಲ್ಲಿಯೇ ಇದ್ದ.

ಒಂದು ಸಂದೇಹವಿದೆ. ಮಾತ್ರೆ ತೆಗೆದುಕೊಂಡ ಮೇಲೆ ಹೊಟ್ಟೆ ತೊಳಸುತ್ತದೆ ಎನ್ನುತ್ತಾನೆ. ಇನ್ನೂ ಐದು ದಿನ ಕಾಯಬಹುದೇ, ಅಥವಾ ಮೊದಲೇ ವೈದ್ಯರಿಗೆ ಹೇಳಬೇಕೇ?

ಉತ್ತರ: ಆಪ್ತಸಮಾಲೋಚಕಿ, ಧಾರವಾಡ

ಹೊಟ್ಟೆ ತೊಳಸುವುದು ಮೊದಲ ಒಂದೆರಡು ವಾರಗಳಲ್ಲಿ ಸಾಮಾನ್ಯವಾದದ್ದು, ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಬೆಳಗಿನ ತಿಂಡಿಯಾದ ಮೇಲೆ ಮಾತ್ರೆ ಕೊಟ್ಟು ನೋಡಿ. ಊಟವೇ ಸೇರದಷ್ಟು ಇದ್ದರೆ ನಾಳೆಯೇ ಆಸ್ಪತ್ರೆಗೆ ಕರೆ ಮಾಡಿ, ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಹೊಟ್ಟೆಯ ವಿಷಯ ಐದು ದಿನ ಕಾಯಬಹುದು. ಕುಳಿತಲ್ಲಿ ಕೂರಲಾಗದ ಚಡಪಡಿಕೆ, ಹೊಸದಾಗಿ ಬಂದ ಸಿಟ್ಟು, ಅಥವಾ ‘ಒಂದೊಂದು ಸಲ’ ಎಂದದ್ದು ದಿನವೂ ಆಗುತ್ತಿದೆಯೆಂದು ನಿಮಗೆ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ರಾತ್ರಿಯಾದರೆ 14416 ಇದ್ದೇ ಇದೆ. ಲೆಕ್ಕದ ಪುಸ್ತಕವನ್ನು ಅಲ್ಲಿಯೇ ಇಟ್ಟಿರಿ.